ಅಜ್ಜ ಕೇಳದೇ ಬಿಟ್ಟ ಪ್ರಶ್ನೆ

ಯೂಟ್ಯೂಬ್‌ನಲ್ಲಿ ನಾನು ನೋಡಿದ ವಿಜ್ಞಾನಿಗಳ ಭಾಷಣಗಳಿಗೆ ಲೆಕ್ಕವಿಲ್ಲ. ಮೆಟ್ರೋದಲ್ಲಿ, ಊಟ ಮಾಡುವಾಗ, ಆಫೀಸಿನಲ್ಲಿ ಬಿಲ್ಡ್ ಮುಗಿಯಲಿ ಅಂತ ಕಾಯುವಾಗ. ಎಲ್ಲವೂ ಒಂದೂವರೆ ಪಟ್ಟು ವೇಗದಲ್ಲಿ. ಬೇಸರ ಬಂದರೆ ಹತ್ತು ಸೆಕೆಂಡು ಮುಂದಕ್ಕೆ, ಇನ್ನೂ ಬೇಸರ ಬಂದರೆ ಬೇರೆ ವಿಡಿಯೊ.

ಆದರೆ ವಿಜ್ಞಾನಿಯೊಬ್ಬರ ಎದುರಿಗೇ ಕೂತು, ಅವರ ಮಾತನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿಟ್ಟು ಕೇಳಿದ್ದು ಇತ್ತೀಚೆಗೆ, ಮೂವತ್ತು ತುಂಬಿದ ಮೇಲೆ. ಅವತ್ತು ನಾನು ಹೋಗಿದ್ದು ನನ್ನ ಪ್ರಶ್ನೆ ಹಿಡಿದುಕೊಂಡಲ್ಲ, ನಮ್ಮ ಅಜ್ಜನ ಪ್ರಶ್ನೆ ಹಿಡಿದುಕೊಂಡು. ಆ ಪ್ರಶ್ನೆಗೆ ಐವತ್ತು ವರ್ಷ ದಾಟಿತ್ತು.

1970, ಅಕ್ಟೋಬರ್ 2

ಅಜ್ಜ ಇಳಕಲ್‌ನ ನೇಕಾರರ ಮನೆಯವರು. ಆ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗರು. 1970ರಲ್ಲಿ ಬಿ.ಎಡ್. ಓದಲು ಬೆಂಗಳೂರಿಗೆ ಹೋಗಿದ್ದರು. ಆಗ ನಮ್ಮ ಕಡೆಯೆಲ್ಲ ಇನ್ನೂ ವಿಜಾಪುರ ಜಿಲ್ಲೆ. ಬಾಗಲಕೋಟೆಯಿಂದ ಮೀಟರ್ ಗೇಜ್ ರೈಲು ಹತ್ತಿ, ಬುತ್ತಿ ಕಟ್ಟಿಕೊಂಡು ಹೋಗುವಷ್ಟು ದೂರದ ಊರು ಬೆಂಗಳೂರು.

ಹಾಸ್ಟೆಲಿನಲ್ಲಿ ಯಾರೋ ಹೇಳಿದರಂತೆ: ಗಾಂಧಿ ಜಯಂತಿ ದಿನ ಸರ್ ಸಿ.ವಿ. ರಾಮನ್ ಭಾಷಣ ಮಾಡ್ತಾರೆ, ಬರ್ತೀರಾ? ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರತಿ ವರ್ಷ ಅಕ್ಟೋಬರ್ 2ರಂದು ಅವರು ಗಾಂಧಿ ಸ್ಮಾರಕ ಉಪನ್ಯಾಸ ಕೊಡುತ್ತಿದ್ದರು. ಹೆಸರು ಗಾಂಧಿಯದು, ವಿಷಯ ವಿಜ್ಞಾನದ್ದು. 1930ರಲ್ಲಿ ನೊಬೆಲ್ ಪಡೆದವರು, 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದವರು, ಪಠ್ಯಪುಸ್ತಕದಲ್ಲಿ ಚಿತ್ರ ಇರುವವರು. ಅಂಥವರನ್ನು ಕಣ್ಣಾರೆ ನೋಡುವ ಆಸೆಗೆ ಅಜ್ಜ ಹೋದರು.

ಆ ವರ್ಷದ ವಿಷಯ ಬೆಳಕಲ್ಲ, ಕಿವಿ. ಕಿವಿಯೊಳಗಿನ ಕಾಕ್ಲಿಯ ಎಂಬ ಅಂಗ ಮತ್ತು ನಾವು ಸದ್ದನ್ನು ಗ್ರಹಿಸುವ ಬಗೆ. ರಾಮನ್ ಎಂದರೆ ಬೆಳಕಿನ ವಿಜ್ಞಾನಿ ಎಂದೇ ನಮ್ಮ ತಲೆಯಲ್ಲಿ ಕೂತಿದೆ. ಆದರೆ ಅವರಿಗೆ ಸದ್ದಿನ ಹುಚ್ಚು ಹಳೆಯದು. ಕಲ್ಕತ್ತದ ದಿನಗಳಲ್ಲಿ ಪಿಟೀಲು, ವೀಣೆಗಳ ಮೇಲೆ ಕೆಲಸ ಮಾಡಿದ್ದರು. ಮೃದಂಗದ ಸದ್ದು ಬೇರೆ ಚರ್ಮವಾದ್ಯಗಳಂತೆ ಬರೀ ಗದ್ದಲವಾಗದೆ ಶ್ರುತಿಬದ್ಧವಾಗಿ ಕೇಳುವುದೇಕೆ ಎಂಬುದನ್ನು 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಕೊನೆಯ ವರ್ಷಗಳಲ್ಲಿ ಕಣ್ಣು ಬಣ್ಣವನ್ನು ಕಾಣುವ ರೀತಿಯ ಬಗ್ಗೆ ಪುಸ್ತಕ ಬರೆದರು. ಕಣ್ಣಾದ ಮೇಲೆ ಕಿವಿ. ಅವತ್ತು ಅವರಿಗೆ 81 ವರ್ಷ.

ಭಾಷಣ ಇಂಗ್ಲಿಷಿನಲ್ಲಿ. ಅರ್ಧ ತಿಳಿಯಿತು, ಅರ್ಧ ಬಿಟ್ಟಿತು ಅಂತ ಅಜ್ಜ ನಗುತ್ತಿದ್ದರು. ಆದರೆ ತಿಳಿದ ಅರ್ಧದಲ್ಲೇ ಒಂದು ಪ್ರಶ್ನೆ ಎದ್ದಿತ್ತು.

ಇಳಕಲ್‌ನ ಅವರ ಓಣಿಯಲ್ಲಿ ಹತ್ತು ಕುಣಿಮಗ್ಗ. ಎಲ್ಲವೂ ಒಟ್ಟಿಗೆ ನಡೆಯುತ್ತಿದ್ದವು. ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುವ ಸದ್ದು, ಹಣಿಗೆ ಬಡಿಯುವ ಸದ್ದು, ಕಾಲಿನಡಿಯ ಮೆಟ್ಟು ಒತ್ತಿದ ಸದ್ದು. ಹೊಸಬರಿಗೆ ತಲೆನೋವು ಬರುವ ಗದ್ದಲ. ಆ ಗದ್ದಲದಲ್ಲೇ ಮುತ್ತಜ್ಜ ಪಕ್ಕದವರ ಜೊತೆ ಮಾತಾಡುತ್ತ ಸೀರೆ ನೇಯುತ್ತಿದ್ದರು. ತಮ್ಮ ಮಗ್ಗದಲ್ಲಿ ಒಂದು ಎಳೆ ಕಡಿದರೆ ಸಾಕು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಕಣ್ಣು ಅಲ್ಲೇ ಹೋಗುತ್ತಿತ್ತು. ಪಕ್ಕದ ಮಗ್ಗದಲ್ಲಿ ಎಳೆ ಕಡಿದರೆ ಮಾತ್ರ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

“ಹತ್ತ ಮಗ್ಗ ಒಮ್ಮೆಲೆ ಬಡೀತಿದ್ವು. ಅದರಾಗ ನಮ್ಮಪ್ಪ ತನ್ನ ಮಗ್ಗದ ಸದ್ದ ಅಷ್ಟ ಹೆಂಗ ಹಿಡೀತಿದ್ದ? ಕಿವಿಗೆ ಹತ್ತೂ ಬೀಳತಿದ್ವಲ್ಲ? ಇದನ್ನ ಕೇಳೂದಿತ್ತು ನೋಡ ತಮ್ಮಾ.”

ಭಾಷಣ ಮುಗಿದ ಮೇಲೆ ಒಂದಷ್ಟು ಜನ ಮುಂದೆ ಹೋಗಿ ಮಾತಾಡಿಸುತ್ತಿದ್ದರಂತೆ. ಅಜ್ಜ ಬಾಗಿಲ ಹತ್ತಿರ ನಿಂತರು. ಸ್ವಲ್ಪ ಹೊತ್ತು ನಿಂತು, ಹೊರಗೆ ಬಂದುಬಿಟ್ಟರು.

“ಯಾಕ ಕೇಳಲಿಲ್ಲಜ್ಜಾ?”

“ಮಗ್ಗಕ್ಕ ಇಂಗ್ಲಿಷಿನ್ಯಾಗ ಏನಂತಾರ ಗೊತ್ತಿತ್ತು. ಲಾಳಿಗೆ ಏನಂತಾರ ಗೊತ್ತಿರಲಿಲ್ಲ. ಬಾಯಿ ಕಟ್ಟಾಕ ಅಷ್ಟ ಸಾಕಾತು.”

ಮುಂದಿನ ವರ್ಷ ಕೇಳಿದರಾಯಿತು ಅಂದುಕೊಂಡರು. ಏಳು ವಾರಗಳ ನಂತರ, ನವೆಂಬರ್ 21ರಂದು, ರಾಮನ್ ತೀರಿಕೊಂಡರು. ಅಜ್ಜ ಕೇಳಿದ್ದು ಅವರ ಕೊನೆಯ ಗಾಂಧಿ ಉಪನ್ಯಾಸ.

ಬಾದಾಮಿಯ ಬಂಡೆ ಹೇಳಿಕೊಟ್ಟ ಪಾಠ

ಬಿ.ಎಡ್. ಮುಗಿಸಿ ಅಜ್ಜ ಹುನಗುಂದದಲ್ಲಿ ಹೈಸ್ಕೂಲ್ ಮೇಷ್ಟ್ರಾದರು. ಗಣಿತ ಮತ್ತು ವಿಜ್ಞಾನ. ಅವರ ತಾಸಿನಲ್ಲಿ ಒಂದು ನಿಯಮ ಇತ್ತು: ಕೊನೆಯ ಐದು ನಿಮಿಷ ಮೇಷ್ಟ್ರು ಮಾತಾಡುವಂತಿಲ್ಲ. ಹುಡುಗರು ಕೇಳಬೇಕು. ಯಾರೂ ಕೇಳದಿದ್ದರೆ ಐದು ನಿಮಿಷ ಸುಮ್ಮನೆ ಕೂರಬೇಕು. ಆ ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂದರೆ ಯಾರಾದರೊಬ್ಬರು ಕೈ ಎತ್ತೇ ಎತ್ತುತ್ತಿದ್ದರಂತೆ.

ವರ್ಷಕ್ಕೊಮ್ಮೆ ಬಾದಾಮಿಗೆ ಟ್ರಿಪ್. ಗುಹೆ, ಶಿಲ್ಪ ಎಲ್ಲ ಆದ ಮೇಲೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಿದ್ದರು. ಎದುರಿನ ಕೆಂಪು ಬಂಡೆಯಿಂದ ಚಪ್ಪಾಳೆ ವಾಪಸ್ ಬರುತ್ತಿತ್ತು. ಒಂದು ಪ್ರತಿಧ್ವನಿ ಬಂದು ಮುಟ್ಟುವ ಕ್ಷಣಕ್ಕೇ ಸರಿಯಾಗಿ ಮುಂದಿನ ಚಪ್ಪಾಳೆ ಹೊಡೆಯಬೇಕು. ಹಾಗೆ ಇಪ್ಪತ್ತು ಚಪ್ಪಾಳೆ. ಎಷ್ಟು ಸೆಕೆಂಡ್ ಆಯಿತು ಅಂತ ಗಡಿಯಾರ ನೋಡಿದರೆ ಸದ್ದಿನ ವೇಗ ಸಿಗುತ್ತದೆ. ಬಂಡೆ 85 ಮೀಟರ್ ದೂರ ಇದ್ದರೆ ಸದ್ದು ಹೋಗಿ ಬರುವುದು 170 ಮೀಟರ್. ಇಪ್ಪತ್ತಕ್ಕೆ ಹತ್ತು ಸೆಕೆಂಡ್, ಅಂದರೆ ಒಂದಕ್ಕೆ ಅರ್ಧ ಸೆಕೆಂಡ್. ಸೆಕೆಂಡಿಗೆ 340 ಮೀಟರ್. ಖರ್ಚಿಲ್ಲ, ಲ್ಯಾಬ್ ಬೇಕಿಲ್ಲ.

ನಾನೂ ಆರನೇ ಇಯತ್ತೆಯಲ್ಲಿದ್ದಾಗ ಅಜ್ಜನ ಜೊತೆ ಹೋಗಿ ಅಲ್ಲಿ ಚಪ್ಪಾಳೆ ಹೊಡೆದಿದ್ದೇನೆ. ಆದರೆ ಅಜ್ಜನ ನಿಯಮ ನನಗೆ ಅಂಟಲಿಲ್ಲ.

ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುವಾಗ ಒಮ್ಮೆ ದೊಡ್ಡ ವಿಜ್ಞಾನಿಯೊಬ್ಬರು ಕಾಲೇಜಿಗೆ ಬಂದಿದ್ದರು. ಖಾಲಿ ಕುರ್ಚಿ ಕಾಣಬಾರದು ಅಂತ ಅಟೆಂಡೆನ್ಸ್ ಹೆದರಿಕೆ ಹಾಕಿ ನಮ್ಮನ್ನು ಹಾಲ್‌ಗೆ ಕಳಿಸಿದ್ದರು. ಸ್ವಾಗತ, ಹಾರ, ಶಾಲು, ಪರಿಚಯ ಮುಗಿಯುವಷ್ಟರಲ್ಲಿ ಮುಕ್ಕಾಲು ತಾಸು ಹೋಯಿತು. ನಾವು ಹಿಂದಿನ ಸಾಲಿನವರು ಮೊಬೈಲ್ ಗೇಮಿನಲ್ಲಿದ್ದೆವು. ಕೊನೆಗೆ ಅವರು “ಎನಿ ಕ್ವೆಶ್ಚನ್ಸ್?” ಅಂದರು. ಆರುನೂರು ಜನರ ಹಾಲ್‌ನಲ್ಲಿ ಫ್ಯಾನಿನ ಸದ್ದು ಮಾತ್ರ.

ನನ್ನಲ್ಲಿ ಒಂದು ಪ್ರಶ್ನೆ ಇತ್ತು. ಅದನ್ನು ಇಂಗ್ಲಿಷಿನಲ್ಲಿ ಮನಸ್ಸಿನೊಳಗೇ ಎರಡು ಸಲ ಜೋಡಿಸಿದೆ. ಮೂರನೇ ಸಲ ಜೋಡಿಸುವಷ್ಟರಲ್ಲಿ ವಂದನಾರ್ಪಣೆ ಶುರುವಾಗಿತ್ತು.

ಡಬ್ಬಿಯಲ್ಲೇ ಉಳಿದ ಮಷಿನ್

ಈಗ ಅಜ್ಜನಿಗೆ ಎಂಬತ್ತರ ಹತ್ತಿರ. ಮೂರು ವರ್ಷದಿಂದ ಕಿವಿ ಮಂದವಾಗಿದೆ. ಮೊದಮೊದಲು ಟಿವಿ ಸೌಂಡ್ ಏರಿತು. ಆಮೇಲೆ ಫೋನಿನಲ್ಲಿ “ಹಾಂ? ಹಾಂ?” ಹೆಚ್ಚಾಯಿತು. ಕಿವಿಗೆ ಹಾಕುವ ಮಷಿನ್ ತಂದುಕೊಟ್ಟೆವು, ಒಂದೇ ಕಿವಿಗೆ. ಎರಡಕ್ಕೂ ಯಾಕೆ ಅಂತ ನಾವೇ ತೀರ್ಮಾನ ಮಾಡಿದೆವು. ವಾರ ಕಳೆಯುವಷ್ಟರಲ್ಲಿ ಅದು ಡಬ್ಬಿ ಸೇರಿತು.

“ಕೇಳಸ್ತದ, ತಿಳಿಯೂದಿಲ್ಲ” ಎಂದರು. ನಮಗೆ ಅದು ಹಟ ಅನ್ನಿಸಿತು.

ತಂಗಿಯ ಮದುವೆಯಲ್ಲಿ ಅಜ್ಜ ಮೂಲೆಯ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು. ಬಂದವರು ಮಾತಾಡಿಸುತ್ತಿದ್ದರು, ಅಜ್ಜ ಸುಮ್ಮನೆ ನಗುತ್ತ ತಲೆ ಆಡಿಸುತ್ತಿದ್ದರು. ಅವರ ಹಳೆಯ ವಿದ್ಯಾರ್ಥಿಯೊಬ್ಬರು ಬಂದು ಏನೋ ಕೇಳಿದರು. ಅದಕ್ಕೂ ತಲೆ ಆಡಿಸಿದರು. ಆ ಮನುಷ್ಯ ಕೇಳಿದ್ದು, “ಸರ್, ನನ್ನ ಗುರ್ತು ಸಿಗಲಿಲ್ಲೇನ್ರಿ?”

ಜೀವನವಿಡೀ ಹುಡುಗರಿಗೆ “ಕೇಳ್ರೋ, ಕೇಳ್ರಿ” ಅಂದ ಮನುಷ್ಯ ಕೇಳುವುದನ್ನೇ ಬಿಟ್ಟುಬಿಟ್ಟಿದ್ದರು. ಕನ್ನಡದಲ್ಲಿ ಎರಡಕ್ಕೂ ಒಂದೇ ಶಬ್ದ ನೋಡಿ. ಕಿವಿಯಿಂದ ಕೇಳುವುದೂ ಕೇಳುವುದೇ, ಪ್ರಶ್ನೆ ಕೇಳುವುದೂ ಕೇಳುವುದೇ. ಅಜ್ಜನ ಪಾಲಿಗೆ ಒಂದು ಹೋದಾಗ ಇನ್ನೊಂದೂ ಹೋಗಿತ್ತು.

ಬೆಂಗಳೂರಿನ ಒಂದು ಸಂಜೆ

ಮದುವೆಯಾಗಿ ತಿಂಗಳಿಗೆ, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಪೋಸ್ಟರ್ ಬಂತು. ಮಿದುಳು ಸದ್ದನ್ನು ಹೇಗೆ ಕೇಳಿಸಿಕೊಳ್ಳುತ್ತದೆ ಎಂಬ ಬಗ್ಗೆ ಸಾರ್ವಜನಿಕ ಉಪನ್ಯಾಸ, ಪ್ರವೇಶ ಉಚಿತ. ಭಾಷಣಕಾರರು ಪತ್ರಿಕೆಗಳಲ್ಲಿ ಆಗಾಗ ಹೆಸರು ಕಾಣಿಸುವ ವಿಜ್ಞಾನಿ. ನನ್ನ ಮನೆಕಥೆಯೊಳಗೆ ಅವರ ಹೆಸರು ತರಲು ಅನುಮತಿ ಕೇಳಿಲ್ಲ, ಹಾಗಾಗಿ ಹೆಸರು ಬೇಡ.

ಬೆಂಗಳೂರಿನಲ್ಲಿ ಇಂಥ ಉಪನ್ಯಾಸಗಳ ಪರಂಪರೆಯೇ ಇದೆ. ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಪ್ರತಿ ಬುಧವಾರ ಸಂಜೆ ಯಾರು ಬೇಕಾದರೂ ಬಂದು ಕೂತು ಕೇಳಬಹುದಾದ ಭಾಷಣಗಳು ಅಲ್ಲಿಂದ ಬೆಳೆದವು. ತಾರಾಲಯ, ಐಐಎಸ್‌ಸಿಯ ಓಪನ್ ಡೇ, ಹೀಗೆ ಬಾಗಿಲುಗಳು ಹಲವು. ಎಂಟು ವರ್ಷದಿಂದ ಇದೇ ಊರಿನಲ್ಲಿದ್ದೂ ನಾನು ಒಂದನ್ನೂ ತಟ್ಟಿರಲಿಲ್ಲ.

ಅವತ್ತು ಆಫೀಸಿನಿಂದ ಬೇಗ ಹೊರಟೆ. ಹಾಲ್ ಮುಕ್ಕಾಲು ತುಂಬಿತ್ತು. ಶಾಲೆ ಮಕ್ಕಳು, ನಿವೃತ್ತರು, ಬ್ಯಾಗ್ ಹಾಕಿಕೊಂಡು ನೇರ ಆಫೀಸಿನಿಂದ ಬಂದ ನನ್ನಂಥವರು. ಹಾರ ಇಲ್ಲ, ಶಾಲು ಇಲ್ಲ. ಎರಡು ನಿಮಿಷದ ಪರಿಚಯ, ಆಮೇಲೆ ಭಾಷಣ.

ಮೊದಲ ಹತ್ತು ನಿಮಿಷ ಕಷ್ಟವಾಯಿತು. ವೇಗ ಹೆಚ್ಚಿಸುವ ಬಟನ್ ಇಲ್ಲವಲ್ಲ! ಆಮೇಲೆ ಗೊತ್ತಾಯಿತು, ಅವರು ನಿಲ್ಲಿಸುತ್ತಿದ್ದ ಕಡೆ ನಾವು ಯೋಚಿಸಲಿ ಅಂತಲೇ ನಿಲ್ಲಿಸುತ್ತಿದ್ದರು. ಯೂಟ್ಯೂಬಿನಲ್ಲಿ ನಾನು ಹಾರಿಸಿಬಿಡುತ್ತಿದ್ದುದು ಅದನ್ನೇ.

ಅವತ್ತು ಕಲಿತದ್ದರಲ್ಲಿ ಮುಖ್ಯವಾದದ್ದು ಇಷ್ಟು. ಕಾಕ್ಲಿಯ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕೊಳವೆ. ಸುರುಳಿ ಬಿಚ್ಚಿದರೆ ಸುಮಾರು 35 ಮಿಲಿಮೀಟರ್ ಉದ್ದ. ಸದ್ದು ಅದರೊಳಗೆ ಅಲೆಯಾಗಿ ಸಾಗುತ್ತದೆ. ಕೀರಲು ಸದ್ದು ಬಾಗಿಲ ಹತ್ತಿರವೇ ಹೆಚ್ಚು ಅಲುಗಾಡಿಸುತ್ತದೆ, ದಪ್ಪ ಸದ್ದು ಸುರುಳಿಯ ತುದಿಯವರೆಗೆ ಹೋಗುತ್ತದೆ. ಈ ಅಲೆಯನ್ನು ಕಂಡು ತೋರಿಸಿದ್ದಕ್ಕೆ ಜಾರ್ಜ್ ಫಾನ್ ಬೆಕೆಸಿ ಅವರಿಗೆ 1961ರಲ್ಲಿ ನೊಬೆಲ್ ಬಂತು. ಎಂಜಿನಿಯರಿಂಗ್‌ನಲ್ಲಿ ನಾವು ಫೂರಿಯೇ ಟ್ರಾನ್ಸ್‌ಫಾರ್ಮ್ ಅಂತ ಬೈದುಕೊಂಡು ಓದಿದ್ದನ್ನು ಕಿವಿ ಹುಟ್ಟಿನಿಂದಲೇ ಮಾಡುತ್ತಿರುತ್ತದೆ.

ಆ ಅಲುಗಾಟವನ್ನು ಹಿಡಿಯುವವು ರೋಮಕೋಶಗಳು. ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಹತ್ತು ಕೋಟಿಗೂ ಹೆಚ್ಚು. ಕಿವಿಯಲ್ಲಿ ರೋಮಕೋಶಗಳು ಬರೀ ಹದಿನೈದು ಸಾವಿರದಷ್ಟು. ಕೋಳಿಗಳಲ್ಲಿ ಹಾಳಾದರೆ ಮತ್ತೆ ಹುಟ್ಟುತ್ತವೆ, ನಮ್ಮಲ್ಲಿ ಹುಟ್ಟುವುದಿಲ್ಲ. ವಯಸ್ಸಾದಂತೆ ಮೊದಲು ಹೋಗುವುದು ಬಾಗಿಲ ಹತ್ತಿರದವು, ಅಂದರೆ ಕೀರಲು ಸದ್ದಿನವು. ಮಾತಿನಲ್ಲಿ ‘ಆ’, ‘ಓ’ ಥರದ ಸ್ವರಗಳು ದಪ್ಪ ಸದ್ದು. ‘ಸ’, ‘ತ’, ‘ಕ’ ಥರದ ವ್ಯಂಜನಗಳಿಗೆ ಬೇಕಾದದ್ದು ಕೀರಲು ಭಾಗ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಚೆನ್ನಾಗಿ ಗೊತ್ತಾಗುತ್ತದೆ, ಏನು ಅಂದರು ಎಂಬುದು ಮಾತ್ರ ತಪ್ಪಿಹೋಗುತ್ತದೆ.

ಕೇಳಸ್ತದ, ತಿಳಿಯೂದಿಲ್ಲ. ಅಜ್ಜ ಹೇಳಿದ್ದು ಅಕ್ಷರಶಃ ಅದನ್ನೇ. ನಾವದನ್ನು ಹಟ ಅಂದಿದ್ದೆವು.

ಮೈಕು ಬಂದಾಗ

ಪ್ರಶ್ನೆಗಳ ಸಮಯ ಬಂತು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕನ್ನಡದಲ್ಲೇ ಕೇಳಿದಳು: “ಮೇಡಂ, ಬಾವಲಿ ಕಿರುಚೋದು ಅದರ ಕಿವಿಗೇ ನೋವಾಗಲ್ವಾ?” ಭಾಷಣಕಾರರು ಖುಷಿಯಾಗಿ ಕನ್ನಡದಲ್ಲೇ ಉತ್ತರಿಸಿದರು. ಬಾವಲಿ ಕಿರುಚುವ ಕ್ಷಣಕ್ಕೆ ಅದರ ಮಧ್ಯಕಿವಿಯ ಸಣ್ಣ ಸ್ನಾಯು ಬಿಗಿದುಕೊಂಡು ಸದ್ದನ್ನು ತಗ್ಗಿಸುತ್ತದಂತೆ. ಆ ಹುಡುಗಿ ಇಲ್ಲದಿದ್ದರೆ ನಾನು ಕೈ ಎತ್ತುತ್ತಿದ್ದೆನೋ ಇಲ್ಲವೋ.

ಮೈಕು ಬಂತು. ಕೈ ನಡುಗುತ್ತಿತ್ತು. ದಿನಾ ಮೂವತ್ತು ಜನರ ಮೀಟಿಂಗಿನಲ್ಲಿ ಮಾತಾಡುವವನು ನಾನು.

“ನಮ್ಮೂರು ಇಳಕಲ್ ಕಡೆ ರಿ ಮೇಡಂ. ಹತ್ತು ಮಗ್ಗ ಒಟ್ಟಿಗೆ ನಡೆಯೋವಾಗ ನಮ್ಮ ಮುತ್ತಜ್ಜ ತಮ್ಮ ಮಗ್ಗದ ಎಳೆ ಕಡಿದಿದ್ದನ್ನು ಸದ್ದಿನಲ್ಲೇ ಹಿಡೀತಿದ್ದರು. ಈಗ ಅವರ ಮಗ, ನಮ್ಮ ಅಜ್ಜ, ಕಿವಿಗೆ ಮಷಿನ್ ಹಾಕಿಕೊಂಡರೂ ಮದುವೆಮನೆಯಲ್ಲಿ ಎದುರಿಗಿರೋರ ಮಾತು ಹಿಡಿಯೋಕಾಗ್ತಿಲ್ಲ. ಇವೆರಡೂ ಒಂದೇ ಪ್ರಶ್ನೆನಾ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ “ಹೌದು, ಒಂದೇ” ಅಂದರು.

1953ರಲ್ಲಿ ಬ್ರಿಟನ್ನಿನ ಕಾಲಿನ್ ಚೆರ್ರಿ ಎಂಬ ವಿಜ್ಞಾನಿ ಜನರ ಎರಡು ಕಿವಿಗೆ ಎರಡು ಬೇರೆ ಮಾತು ಕೇಳಿಸಿ, ಒಂದನ್ನು ಮಾತ್ರ ಗಮನಿಸಲು ಹೇಳಿದರು. ಇನ್ನೊಂದು ಕಿವಿಯ ಮಾತಿನ ಅರ್ಥ ಅವರಿಗೆ ದಕ್ಕಲೇ ಇಲ್ಲ. ಆದರೆ 1959ರಲ್ಲಿ ನೆವಿಲ್ ಮೊರೆ ಎಂಬವರು ಆ ಗಮನಿಸದ ಕಿವಿಯಲ್ಲಿ ಕೇಳುಗರ ಹೆಸರನ್ನೇ ಹೇಳಿಸಿದಾಗ ಸುಮಾರು ಮೂವರಲ್ಲಿ ಒಬ್ಬರು ಅದನ್ನು ಹಿಡಿದರು. ನಿಮ್ಮ ಮುತ್ತಜ್ಜನಿಗೆ ಅವರ ಮಗ್ಗದ ಸದ್ದು ಅವರ ಹೆಸರಿದ್ದ ಹಾಗೆ, ಎಂದರು ಅವರು. ಕಿವಿಗೆ ಹತ್ತೂ ಮಗ್ಗ ಬೀಳುತ್ತವೆ, ಆರಿಸುವುದು ಮಿದುಳು. 2012ರಲ್ಲಿ ಅಮೆರಿಕದ ಸಂಶೋಧಕರು ಮಿದುಳಿನ ಮೇಲ್ಮೈಯಿಂದಲೇ ಸಂಕೇತ ಹಿಡಿದು ನೋಡಿದರು. ಇಬ್ಬರು ಒಟ್ಟಿಗೆ ಮಾತಾಡುತ್ತಿದ್ದರೂ, ಗಮನ ಕೊಟ್ಟವರೊಬ್ಬರೇ ಮಾತಾಡುತ್ತಿದ್ದಾರೇನೋ ಎಂಬಂತಿತ್ತು ಆ ಸಂಕೇತ.

ಹೀಗೆ ಆರಿಸಲು ಮಿದುಳಿಗೆ ಎರಡು ಕಿವಿಯೂ ಬೇಕು. ಒಂದು ಕಡೆಯ ಸದ್ದು ಎರಡನೇ ಕಿವಿಯನ್ನು ಮುಟ್ಟಲು ತಡವಾಗುವುದು ಒಂದು ಮಿಲಿಸೆಕೆಂಡಿಗೂ ಕಡಿಮೆ. ಅಷ್ಟರಲ್ಲೇ ಯಾರು ಎಲ್ಲಿದ್ದಾರೆ ಅಂತ ಲೆಕ್ಕ ಹಾಕಿ ಒಬ್ಬರನ್ನು ಬಿಡಿಸಿಕೊಳ್ಳುತ್ತದೆ. ನಮ್ಮ ಸರ್ವರ್ 200 ಮಿಲಿಸೆಕೆಂಡಿನಲ್ಲಿ ಉತ್ತರ ಕೊಟ್ಟರೆ ನಾವು ಪಾರ್ಟಿ ಮಾಡುತ್ತೇವೆ.

“ಮಷಿನ್ ಒಂದೇ ಕಿವಿಗಾ?” ಅಂತ ಕೇಳಿದರು. ಹೂಂ ಅಂದೆ. ಎರಡೂ ಕಿವಿಯನ್ನು ಮತ್ತೆ ಪರೀಕ್ಷೆ ಮಾಡಿಸಿ, ಆಡಿಯಾಲಜಿಸ್ಟ್ ಹತ್ತಿರ ಕೂತು ಹೊಂದಿಸಿಕೊಳ್ಳಿ ಅಂದರು. ಮಷಿನ್ ಮುಖ್ಯವಾಗಿ ಸದ್ದನ್ನು ದೊಡ್ಡದು ಮಾಡುತ್ತದೆ, ಪೂರ್ತಿ ಬಿಡಿಸಿಕೊಡುವುದಿಲ್ಲ. ಮಿದುಳಿಗೆ ಅದು ಒಗ್ಗಲು ವಾರಗಳೇ ಬೇಕು. ಕೂಗಬೇಡಿ, ಕೂಗಿದರೆ ಸ್ವರ ದೊಡ್ಡದಾಗುತ್ತದೆ, ವ್ಯಂಜನ ಕಳೆದುಹೋಗುತ್ತದೆ. ಟಿವಿ ಆರಿಸಿ, ಮುಖ ಕಾಣುವ ಹಾಗೆ ಎದುರು ಕೂತು, ನಿಧಾನ ಮಾತಾಡಿ. ಕೊನೆಗೆ, “ಮಿದುಳು ಇದನ್ನೆಲ್ಲ ಹೇಗೆ ಮಾಡುತ್ತದೆ ಅನ್ನೋದು ನಮಗಿನ್ನೂ ಪೂರ್ತಿ ಗೊತ್ತಿಲ್ಲ. ನಿಮ್ಮ ಮುತ್ತಜ್ಜನನ್ನ ನಮ್ಮ ಲ್ಯಾಬಿಗೆ ಕರೆಸಬೇಕಿತ್ತು” ಅಂದರು. ಹಾಲ್ ನಕ್ಕಿತು. ನನಗೆ ಗಂಟಲು ಕಟ್ಟಿತ್ತು.

ಮನೆಗೆ ಬಂದು ಹುಡುಕಿದರೆ ಇದರಲ್ಲಿ ಬಹುಪಾಲು ನೆಟ್‌ನಲ್ಲೇ ಇತ್ತು. ಆದರೆ ಹುಡುಕಲು ನನಗೆ ಪ್ರಶ್ನೆಯೇ ಗೊತ್ತಿರಲಿಲ್ಲ. ಅಜ್ಜನ ಹಟ, ಮುತ್ತಜ್ಜನ ಜಾಣತನ, ಇವೆರಡೂ ಒಂದೇ ವಿಷಯ ಅಂತ ಹೊಳೆದದ್ದು ಆ ಹಾಲ್‌ನಲ್ಲಿ ಒಂದು ತಾಸು ಸುಮ್ಮನೆ ಕೂತಿದ್ದಕ್ಕೆ.

ಹುನಗುಂದದ ಕಟ್ಟೆಯ ಮೇಲೆ

ಮುಂದಿನ ಶನಿವಾರ ಊರಿಗೆ ಹೋದೆ. ಬಾಗಲಕೋಟೆಯಲ್ಲಿ ಎರಡೂ ಕಿವಿಯ ಪರೀಕ್ಷೆಯಾಯಿತು. ಎರಡನೇ ಮಷಿನ್ ಬಂತು. ಪವಾಡ ಏನೂ ಆಗಲಿಲ್ಲ. ಸಂತೆಯಲ್ಲಿ ಈಗಲೂ ಅಜ್ಜನಿಗೆ ಕಷ್ಟವೇ. ಆದರೆ ಮನೆಯಲ್ಲಿ, ಟಿವಿ ಆರಿಸಿ ಎದುರು ಕೂತರೆ, ತಾಸುಗಟ್ಟಲೆ ಮಾತು ನಡೆಯುತ್ತದೆ. ಕೂಗುವುದನ್ನು ಮನೆಯವರೆಲ್ಲ ಬಿಟ್ಟಿದ್ದೇವೆ. ಹಳೆಯ ವಿದ್ಯಾರ್ಥಿಗೆ ಅಜ್ಜನೇ ಫೋನ್ ಮಾಡಿಸಿ ಮನೆಗೆ ಕರೆಸಿಕೊಂಡರು.

ಒಂದು ಸಂಜೆ ಕಟ್ಟೆಯ ಮೇಲೆ ಕೂತು, ಅವತ್ತಿನ ಭಾಷಣವನ್ನೆಲ್ಲ ನಿಧಾನವಾಗಿ ಹೇಳಿದೆ. ಚೆರ್ರಿ, ಮೊರೆ, ಎರಡು ಕಿವಿಯ ಲೆಕ್ಕ, ಮಗ್ಗದ ಸದ್ದು ಹೆಸರಿದ್ದ ಹಾಗೆ ಅಂದದ್ದು. ಅಜ್ಜ ಕಣ್ಣು ಮುಚ್ಚಿ ಕೇಳಿದರು.

“ಅಂದ್ರ ನಮ್ಮಪ್ಪ ಕಿವಿಲೆ ಕೇಳತಿದ್ದಿಲ್ಲ ಅನ್ನು.”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಾತು ಮುಗಿಯಿತು ಅಂದುಕೊಂಡು ನಾನು ಏಳುವುದರಲ್ಲಿದ್ದೆ. ಕೈ ಹಿಡಿದು ಕೂರಿಸಿದರು.

“ತಡಿ. ನಮ್ಮವ್ವ ಮಗ್ಗದ ಬಾಜೂಕ ಮಲಗತಿದ್ಲು. ಹಗಲು ಮಧ್ಯಾಹ್ನ, ಅಷ್ಟು ಸದ್ದಿನ್ಯಾಗ ಗಡದ್ದ ನಿದ್ದಿ. ಆದ್ರ ಅಪ್ಪ ಮಗ್ಗ ನಿಂದ್ರಿಸಿದ ಕೂಡ್ಲೆ ಎಚ್ಚರ ಆಗತಿತ್ತು. ಸದ್ದಿಗೆ ಏಳದಾಕಿ, ಸದ್ದ ನಿಂತಿದ್ದಕ್ಕ ಹೆಂಗ ಏಳತಿದ್ಲು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋನ್ ತೆಗೆದು ಪ್ರಶ್ನೆಯನ್ನು ಬರೆದುಕೊಂಡೆ. ಅಜ್ಜ ಪಕ್ಕದಿಂದ ಬಗ್ಗಿ, ಸರಿಯಾಗಿ ಬರೆದೆನೋ ಇಲ್ಲವೋ ಅಂತ ನೋಡಿದರು.

“ಮುಂದಿನ ಭಾಷಣ ಯಾವಾಗೈತಿ?” ಅಂದರು.